ದಂಡಿನ ಹಳೇ ಮನೆತನದ ವಂಶಾವಳಿ ಹುಡುಕುವುದು ಹೇಗೆ

ಬೆಂಗಳೂರು ದಂಡಿನಲ್ಲಿ (ಕಂಟೋನ್ಮೆಂಟಿನಲ್ಲಿ) ಬಾಳಿದ ಬ್ರಿಟಿಷ್ ಇಲ್ಲವೇ ಆಂಗ್ಲೋ ಇಂಡಿಯನ್ ಕುಟುಂಬದ ವಂಶಾವಳಿ ಕಟ್ಟಲು ಕೂತವರು ಮೊದಲು ಕೇಳುವುದು ಜನಗಣತಿ ಪುಸ್ತಕವನ್ನು. ಅದರ ಆಸೆ ಬಿಡಿ. ಇಂಗ್ಲೆಂಡಿನಲ್ಲಿ 1841ರಿಂದ ಮನೆಮನೆಯ ಹೆಸರುಪಟ್ಟಿ ಉಳಿದಿದೆ. ಇಲ್ಲಿ ಲೆಕ್ಕ ಕೂಡಿಸಿದ ಮೇಲೆ ಆ ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ. ನಮ್ಮ ಪಾಲಿಗೆ ಉಳಿದಿರುವುದು ಮುಖ್ಯವಾಗಿ ಚರ್ಚಿನ ರಿಜಿಸ್ಟರು, ಸೈನ್ಯದ ಕಡತ. ಎರಡರಲ್ಲೂ ಊರಿನ ಹೆಸರಿಗಿಂತ ಉದ್ಯೋಗದ ಕಾಲಂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಗೊತ್ತಿರುವ ಕೊನೆಯ ತಲೆಮಾರಿನಿಂದ ಹಿಂದಕ್ಕೆ ನಡೆಯಿರಿ. ಮದುವೆ ಸರ್ಟಿಫಿಕೇಟು, ಬೈಬಲ್ಲಿನ ಮೊದಲ ಪುಟದಲ್ಲಿ ಬರೆದ ಹುಟ್ಟು ಸಾವು, ಪಿಂಚಣಿ ಕಾಗದ ಇವನ್ನೆಲ್ಲ ಮೊದಲು ಫೋಟೊ ತೆಗೆದಿಡಿ. ‘ನಮ್ಮ ಮುತ್ತಜ್ಜ ಕರ್ನಲ್ ಆಗಿದ್ದ’ ಅನ್ನುವ ಮಾತನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಕಡತ ತೆಗೆದಾಗ ಕರ್ನಲ್ ಸಾಹೇಬರು ಸಾರ್ಜೆಂಟ್ ಆಗುವುದು ಮಾಮೂಲು.

ಮುಂದಿನ ಹೆಜ್ಜೆಯಲ್ಲಿ ಬಹಳ ಜನ ಎಡವುತ್ತಾರೆ. ಬೆಂಗಳೂರು ಮೈಸೂರು ಸೀಮೆಯ ಊರಾದರೂ ದಂಡಿನ ಇಂಗ್ಲಿಷ್ ಪಾದ್ರಿಗಳು ಲೆಕ್ಕ ಒಪ್ಪಿಸುತ್ತಿದ್ದುದು ಮದರಾಸಿಗೆ. ಬ್ಯಾಪ್ಟಿಸಂ, ಮದುವೆ, ಸಮಾಧಿ ಮೂರರ ನಕಲೂ ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಸಾಲಿನಲ್ಲಿವೆ. ಎನ್/1 ಬಂಗಾಳ, ಎನ್/3 ಬೊಂಬಾಯಿ. ಹುಡುಕುವಾಗ ‘ಮೈಸೂರು’ ಎಂದು ಹಾಕಿದರೆ ಬರಿಗೈ, ‘ಮದ್ರಾಸ್’ ಎಂದು ಹಾಕಿ. ಫ್ಯಾಮಿಲಿಸರ್ಚ್ ತಾಣದಲ್ಲಿ ಸೂಚಿ ಪುಕ್ಕಟೆ. ಪುಟದ ಚಿತ್ರವೇ ಬೇಕಾದರೆ ಫೈಂಡ್‌ಮೈಪಾಸ್ಟ್ ತಾಣಕ್ಕೆ ದುಡ್ಡು ಕಟ್ಟಬೇಕು. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಚರಿತ್ರೆ ಹುಡುಕುವವರ ಫಿಬಿಸ್ ಸಂಸ್ಥೆಯ ಹುಡುಕುಪಟ್ಟಿಯನ್ನೂ ಒಮ್ಮೆ ನೋಡಿ.

ಸೂಚಿಯಲ್ಲಿ ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ, ಪುಟ ತೆಗೆಸಿ ನೋಡಿ. ಬ್ಯಾಪ್ಟಿಸಂ ಪುಟದಲ್ಲಿ ಹುಟ್ಟಿದ ದಿನ, ತಂದೆ ತಾಯಿಯ ಹೆಸರು, ವಾಸ, ತಂದೆಯ ಹುದ್ದೆ, ಪಾದ್ರಿಯ ಸಹಿ ಇರುತ್ತವೆ. ಬರವಣಿಗೆ ಗುಮಾಸ್ತರದು. ಜಾನ್ ಎನ್ನಲು ‘ಜೆಎನ್‌ಒ’, ವಿಲಿಯಂ ಎನ್ನಲು ‘ಡಬ್ಲ್ಯುಎಂ’ ಎಂದು ಬರೆದು ಕೈ ತೊಳೆದುಕೊಂಡಿರುತ್ತಾರೆ. ಒಂದೇ ದಿನ ಮೂರು ಮಕ್ಕಳಿಗೆ ಬ್ಯಾಪ್ಟಿಸಂ ಆಗಿದ್ದರೆ ತ್ರಿವಳಿ ಅಂದುಕೊಳ್ಳಬೇಡಿ. ಪಾದ್ರಿ ಇಲ್ಲದ ಠಾಣೆಯಲ್ಲಿದ್ದವರು ಪಾದ್ರಿ ಬಂದ ದಿನ ಎಲ್ಲರಿಗೂ ಮಾಡಿಸಿಬಿಡುತ್ತಿದ್ದರು. ಲಂಡನ್ನಿನದು ನಕಲು, ಆದ್ದರಿಂದ ಹೆಸರು ವಿಚಿತ್ರವಾಗಿದ್ದರೆ ಮೂಲ ರಿಜಿಸ್ಟರು ಎಲ್ಲಿದೆ ಎಂದು ಆ ಚರ್ಚಿನಲ್ಲೇ ವಿಚಾರಿಸಿ.

ಈಗ ಉದ್ಯೋಗದ ಕಾಲಂ. ರೆಜಿಮೆಂಟಿನ ಹೆಸರಿನ ಮುಂದೆ ‘ಎಚ್.ಎಂ.’ (ಹರ್ ಇಲ್ಲವೇ ಹಿಸ್ ಮೆಜೆಸ್ಟೀಸ್) ಎಂದಿದ್ದರೆ ಅವನು ರಾಣಿಯ ಇಲ್ಲವೇ ರಾಜನ ಸೈನ್ಯದವನು. ಕಡತ ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ‘ಮದ್ರಾಸ್ ಯುರೋಪಿಯನ್’ ಎಂದಿದ್ದರೆ ಈಸ್ಟ್ ಇಂಡಿಯಾ ಕಂಪನಿಯ ಆಳು. ಬ್ರಿಟಿಷ್ ಲೈಬ್ರರಿಯಲ್ಲಿ ಮದರಾಸು ಸೈನ್ಯದ ಕಡತಗಳಿರುವ ಎಲ್/ಎಂಐಎಲ್/11 ಸಾಲು ನೋಡಬೇಕು. 1858ರಲ್ಲಿ ಕಂಪನಿ ಆಳ್ವಿಕೆ ಮುಗಿದು ಅದರ ಯುರೋಪಿಯನ್ ದಳಗಳು ರಾಣಿಯ ಸೈನ್ಯಕ್ಕೆ ಸೇರಿದವು, ಹಾಗಾಗಿ ಆ ಕಾಲದವನನ್ನು ಎರಡೂ ಕಡೆ ಹುಡುಕಬೇಕು. ಕ್ಯೂನ ಡಬ್ಲ್ಯುಒ (ವಾರ್ ಆಫೀಸ್) 97 ಸಾಲಿನಲ್ಲಿ ಸಿಗುವವರು ಹೆಚ್ಚಾಗಿ ಪಿಂಚಣಿ ಪಡೆದು ಬಿಡುಗಡೆಯಾದವರು. ಸೇವೆಯಲ್ಲಿದ್ದಾಗಲೇ ತೀರಿಕೊಂಡವನು ಅಲ್ಲಿ ಇರುವುದಿಲ್ಲ. ಅವನಿಗೆ ಡಬ್ಲ್ಯುಒ 12ರ ಹಾಜರಿಪಟ್ಟಿ ತಿರುವಬೇಕು.

ರೆಜಿಮೆಂಟು ತಿಳಿದರೆ ಮಕ್ಕಳು ಎಲ್ಲೆಲ್ಲಿ ಹುಟ್ಟಿದರೆಂಬುದು ತಾನಾಗಿ ಬಿಚ್ಚಿಕೊಳ್ಳುತ್ತದೆ. ದಳ ಬಳ್ಳಾರಿ, ಕಣ್ಣೂರು, ತಿರುಚಿನಾಪಳ್ಳಿ, ಸಿಕಂದರಾಬಾದ್ ಎಂದು ಸುತ್ತುತ್ತಿತ್ತು, ಸಂಸಾರವೂ ಜೊತೆಗೆ. ಊರ ಹೆಸರುಗಳು ಬೇರೆ ಕಾಡುತ್ತವೆ: ಫ್ರೆಂಚ್ ರಾಕ್ಸ್ ಅಂದರೆ ಪಾಂಡವಪುರ, ಕ್ಲೋಸ್‌ಪೇಟೆ ಅಂದರೆ ರಾಮನಗರ, ಮರ್ಕಾರಾ ಅಂದರೆ ಮಡಿಕೇರಿ. ದಂಡಿನೊಳಗೆ ಸೌತ್ ಪೆರೇಡ್ ಎಂದರೆ ಇಂದಿನ ಎಂ.ಜಿ. ರಸ್ತೆ, ಬ್ಲ್ಯಾಕ್‌ಪಲ್ಲಿ ಎಂದರೆ ಶಿವಾಜಿನಗರ. ‘ಆಂಗ್ಲೋ ಇಂಡಿಯನ್’ ಪದಕ್ಕೂ ಎಚ್ಚರ ಬೇಕು. 1911ಕ್ಕೆ ಮುಂಚಿನ ಕಾಗದದಲ್ಲಿ ಅದು ಸಾಮಾನ್ಯವಾಗಿ ಇಲ್ಲಿದ್ದ ಬ್ರಿಟಿಷರಿಗೆ ಹೇಳಿದ್ದು. ಮಿಶ್ರ ಮನೆತನದವರನ್ನು ಯುರೇಶಿಯನ್, ಈಸ್ಟ್ ಇಂಡಿಯನ್ ಎಂದು ಬರೆಯುತ್ತಿದ್ದರು.

ಕ್ಯಾಥೊಲಿಕ್ ಕುಟುಂಬವಾದರೆ ಲಂಡನ್ನಿನ ನಕಲುಗಳನ್ನು ಅಷ್ಟಾಗಿ ನಂಬಬೇಡಿ, ಅವರ ದಾಖಲೆ ಅಲ್ಲಿಗೆ ಪೂರ್ತಿ ಹೋಗಿಲ್ಲ. ಸೇಂಟ್ ಪ್ಯಾಟ್ರಿಕ್ಸ್, ಸೇಂಟ್ ಮೇರೀಸ್‌ನಂಥ ಚರ್ಚುಗಳ ರಿಜಿಸ್ಟರೇ ಗತಿ. ಹಳೆಯ ಬರಹ ಲ್ಯಾಟಿನ್ನಿನಲ್ಲಿದ್ದರೆ ಜಾನ್ ‘ಯೊಹಾನ್ನೆಸ್’ ಆಗಿರುತ್ತಾನೆ, ಜೇಮ್ಸ್ ‘ಯಾಕೋಬುಸ್’. ಸೇಂಟ್ ಆಂಡ್ರ್ಯೂಸ್ ಆಗ ಸ್ಕಾಟಿಷ್ ಚರ್ಚು. ಇಂಗ್ಲಿಷ್ ಮತ್ತು ವೆಸ್ಲಿಯನ್ ಚರ್ಚುಗಳಂತೆ ಅದೂ ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಯಾವ ಚರ್ಚಿಗಾದರೂ ಭಾನುವಾರ ಹೋಗಬೇಡಿ. ಮುಂಚೆಯೇ ಪತ್ರ ಬರೆದು, ಹೆಸರಿನ ಜೊತೆ ಐದು ವರ್ಷದ ಒಳಗಿನ ಅವಧಿ ಕೊಡಿ. ‘ಈ ಮನೆತನದ ಎಲ್ಲವೂ ಬೇಕು’ ಎಂದರೆ ಆಫೀಸಿನವರು ಪತ್ರ ಮಡಿಚಿಡುತ್ತಾರೆ.

ಹೊಸೂರು ರಸ್ತೆಯ ಸ್ಮಶಾನದಂಥ ಕಡೆ ಗೋರಿಕಲ್ಲು ಓದಲು ಬೆಳಗ್ಗೆ ಬೇಗ ಇಲ್ಲವೇ ಸಂಜೆ ಹೋಗಿ; ಓರೆ ಬಿಸಿಲಿಗೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಪಾಚಿ ಇದ್ದರೆ ಬರೀ ನೀರು, ಮೆತ್ತನೆ ಬ್ರಷ್ಷು ಸಾಕು. ತಂತಿ ಬ್ರಷ್ಷು, ಆಸಿಡ್ಡು, ಸೀಮೆಸುಣ್ಣ ಮುಟ್ಟಿಸಬೇಡಿ. ಕಲ್ಲಿನ ಮೇಲೆ ವಯಸ್ಸು ದಿನದ ಮಟ್ಟಿಗೆ ಇದ್ದರೆ ಹುಟ್ಟಿದ ದಿನ ತೆಗೆಯಬಹುದು: 1868ರ ಮಾರ್ಚ್ 12ರಂದು 31 ವರ್ಷ 4 ತಿಂಗಳು 7 ದಿನಕ್ಕೆ ತೀರಿಕೊಂಡವಳು ಹುಟ್ಟಿದ್ದು 1836ರ ನವೆಂಬರ್ 5ರ ಸುಮಾರಿಗೆ.

ಸರಪಳಿ ಕಡಿದುಹೋಗುವುದು ಬಹುಪಾಲು ಹೆಣ್ಣುಮಕ್ಕಳ ಹತ್ತಿರ. ರೆಜಿಮೆಂಟಿನಲ್ಲಿ ಗಂಡ ಸತ್ತವಳು ಕೆಲವೇ ತಿಂಗಳಲ್ಲಿ ಮರುಮದುವೆಯಾಗುತ್ತಿದ್ದುದು ಸಾಮಾನ್ಯ. ಮದುವೆ ಪುಟದಲ್ಲಿ ‘ವಿಧವೆ’ ಎಂದಿದ್ದರೆ ಅಲ್ಲಿರುವುದು ಸತ್ತ ಗಂಡನ ಅಡ್ಡಹೆಸರು, ತವರಿನದಲ್ಲ. 19ನೇ ಶತಮಾನದ ನಡುವಿನಿಂದೀಚೆ ತಂದೆಯ ಹೆಸರಿನ ಕಾಲಂ ಇರುತ್ತದೆ, ಅದನ್ನು ನೋಡಿ. ಅದು ಖಾಲಿ ಇದ್ದರೆ ಅದೇ ರೆಜಿಮೆಂಟಿನ ಸಮಾಧಿ ಪಟ್ಟಿಯಲ್ಲಿ ಹಿಂದಿನ ಒಂದೆರಡು ವರ್ಷ ತಿರುವಿ ಮೊದಲ ಗಂಡನನ್ನು ಹುಡುಕಿ. ಆಮೇಲೆ ಅವನ ಮದುವೆಯ ಪುಟಕ್ಕೆ ಹೋಗಿ.