ಇಳಿತದ ವೇಳೆಗೆ ಪಾಠ: ಕಡಲ ವಿಜ್ಞಾನ ಕಲಿಸುವ ನನ್ನ ಅನುಭವ

ಕುಮಟಾ, ಗೋಕರ್ಣ ಸುತ್ತಲಿನ ಪ್ರೌಢಶಾಲೆಗಳ ಮಕ್ಕಳಿಗೆ ಕಡಲ ಜೀವವಿಜ್ಞಾನವನ್ನು ತೀರದಲ್ಲಿಯೇ ನಿಂತು ಕಲಿಸುವುದು ನನ್ನ ಕೆಲಸ. ಪಾಠದ ದಿನವನ್ನು ತಿಥಿ ನೋಡಿ ಗೊತ್ತುಮಾಡುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಅತಿ ದೂರ ಹಿಂದೆ ಸರಿಯುತ್ತದೆಯಾದರೂ ಆಗಿನ ಇಳಿತ ನಮ್ಮ ಕರಾವಳಿಯಲ್ಲಿ ನಸುಕಿನಲ್ಲಿ ಇಲ್ಲವೇ ಸಂಜೆ ಬರುವುದರಿಂದ ಶಾಲೆಯ ವೇಳೆಗೆ ಕೂಡಿಬರುವುದಿಲ್ಲ. ಇಳಿತವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಎರಡು ಮೂರು ದಿನ ಕಾದರೆ ಅದು ಬೆಳಗಿನ ಏಳೆಂಟು ಗಂಟೆಗೆ ಸಿಗುತ್ತದೆ, ಬಂಡೆಗಳೂ ಇನ್ನೂ ಸಾಕಷ್ಟು ತೆರೆದಿರುತ್ತವೆ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಿಂದ ಎತ್ತರದ ಅಲೆಗಳ ಎಚ್ಚರಿಕೆ ಬಂದಿದ್ದರೆ ಉಬ್ಬರ-ಇಳಿತದ ಕೋಷ್ಟಕ ಏನೇ ಹೇಳಲಿ, ಪಾಠವನ್ನು ಮುಂದೂಡುತ್ತೇನೆ. ಇಳಿತಕ್ಕೆ ಒಂದು ಗಂಟೆ ಮೊದಲೇ ತೀರಕ್ಕೆ ಬಂದು, ಸರಿಯುವ ನೀರಿನ ಹಿಂದೆಯೇ ಕೆಳಗಿಳಿದು, ನೀರು ತಿರುಗಿದೊಡನೆ ಮೇಲಕ್ಕೆ ಹೊರಡುವುದು ನಮ್ಮ ಕಟ್ಟುನಿಟ್ಟಿನ ಕ್ರಮ.

ಬಂಡೆಗಳ ಮೇಲೆ ಹೆಸರು ಹೇಳಿಕೊಡಲು ನಾನು ಅವಸರಪಡುವುದಿಲ್ಲ. ಮೇಲಿನ ಬಂಡೆಯಿಂದ ನೀರಿನ ಅಂಚಿನವರೆಗೆ ಒಂದು ಹಗ್ಗ ಎಳೆದು, ಅದರ ಉದ್ದಕ್ಕೂ ಯಾವ ಜೀವಿ ಎಲ್ಲಿ ನಿಂತುಹೋಗುತ್ತದೆ ಎಂದು ಗುರುತು ಹಾಕಲು ಹೇಳುತ್ತೇನೆ. ಮೇಲೆ ಸಣ್ಣ ಬಸವನಹುಳುಗಳು, ನಡುವೆ ಬಂಡೆಗೆ ಅಂಟಿ ಬದುಕುವ ಗಟ್ಟಿ ಚಿಪ್ಪಿನ ಬಾರ್ನಕಲ್‌ಗಳು, ಕೆಳಗೆ ಪಾಚಿ ಮತ್ತು ಹೂವಿನಂತೆ ಕಾಣುವ ಪ್ರಾಣಿಗಳಾದ ಅನಿಮೋನ್‌ಗಳು ಎಂಬ ಪಟ್ಟೆಗಳು ತಾವಾಗಿಯೇ ಮೂಡುತ್ತವೆ. ಬಿಸಿಲಿಗೆ ಎಷ್ಟು ಹೊತ್ತು ಒಣಗಬೇಕಾಗುತ್ತದೆ ಎಂಬುದಕ್ಕೂ ಈ ಪಟ್ಟೆಗಳಿಗೂ ಇರುವ ಸಂಬಂಧವನ್ನು ಮಕ್ಕಳೇ ಹೇಳುತ್ತಾರೆ. ಬಾರ್ನಕಲ್ ಅಂಟಿದ ಒಂದು ಕಲ್ಲನ್ನು ಕಡಲನೀರಿನ ಬಟ್ಟಲಿನಲ್ಲಿಟ್ಟು ಸುಮ್ಮನೆ ಕಾದರೆ ಮುಚ್ಚಳ ತೆರೆದು ಕಾಲುಗಳು ಬೀಸತೊಡಗುತ್ತವೆ. ಸಿಗಡಿ, ಏಡಿಗಳ ಬಳಗದ ಈ ಪ್ರಾಣಿ ತಲೆಯನ್ನು ಬಂಡೆಗೆ ಅಂಟಿಸಿಕೊಂಡು ಕಾಲಿನಿಂದ ಆಹಾರ ಹಿಡಿಯುತ್ತದೆಂಬುದು ಕಣ್ಣೆದುರಿಗೇ ನಡೆಯುವಾಗ ಚಿತ್ರಪಟ ಬೇಕಾಗುವುದಿಲ್ಲ. ಎತ್ತಿದ ಕಲ್ಲನ್ನು ಅದೇ ಮಗ್ಗುಲಿಗೆ ಅಲ್ಲಿಯೇ ಇಡಬೇಕು; ಶಂಕುವಿನಾಕಾರದ ಚಿಪ್ಪಿನ ಬಸವನಹುಳುವನ್ನು ಮಾತ್ರ, ಅದರ ಕುಟುಕು ವಿಷಕಾರಿಯಾದ್ದರಿಂದ, ಯಾರೂ ಮುಟ್ಟಬಾರದು.

ಅಘನಾಶಿನಿ ಅಳಿವೆಯ ಪಾಠವೇ ನನಗೆ ಹೆಚ್ಚು ಆಪ್ತ. 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಘೋಷಿತವಾದ ಈ ಅಳಿವೆಯಲ್ಲಿ ಬಳಚು ಎಂಬ ಎರಡು ಚಿಪ್ಪಿನ ಜೀವಿಯನ್ನು ಆರಿಸುವ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಯಾವ ಕೆಸರಿನಲ್ಲಿ ಯಾವ ಚಿಪ್ಪು ಸಿಗುತ್ತದೆಂಬುದನ್ನು ಅವರು ಹೇಳುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನಾನು ಮಾತನಾಡದಿರುವುದೇ ಒಳ್ಳೆಯ ಬೋಧನೆ ಎಂದು ನಂಬಿದ್ದೇನೆ. ಆಮೇಲೆ ಎರಡು ಗಾಜಿನ ಜಾಡಿಗಳಲ್ಲಿ ಒಂದೇ ಕಲಕು ನೀರು ತುಂಬಿ, ಒಂದರಲ್ಲಿ ಮಾತ್ರ ಜೀವಂತ ಬಳಚುಗಳನ್ನು ಬಿಡುತ್ತೇವೆ. ಬಳಚುಗಳು ನೀರನ್ನು ಸೋಸುವುದರಿಂದ ಅವು ಇರುವ ನೀರು ಬೇಗ ತಿಳಿಯಾಗುತ್ತದೆ. ಕೆಸರು ತಾನಾಗಿಯೂ ತಳಕ್ಕಿಳಿಯುವುದರಿಂದ ಎರಡನೆಯ ಜಾಡಿ ಇಲ್ಲದಿದ್ದರೆ ಈ ಪ್ರಯೋಗ ಬರಿಯ ಕಣ್ಕಟ್ಟಾಗುತ್ತದೆ. ಹೋಲಿಸಿ ನೋಡುವ ಈ ಶಿಸ್ತನ್ನು ಕಲಿಸುವುದು ಪ್ರಾಣಿಗಳ ಹೆಸರು ಕಲಿಸುವುದಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ.

ಒಂದು ಹನಿ ನೀರನ್ನಿಟ್ಟು ಬೆಳಕಿಗೆ ಹಿಡಿದರೆ ಉಪ್ಪಿನ ಅಂಶವನ್ನು ತೋರಿಸುವ ರಿಫ್ರಾಕ್ಟೋಮೀಟರ್ ಎಂಬ ಸಣ್ಣ ಉಪಕರಣ ನಮ್ಮಲ್ಲಿದೆ. ತೆರೆದ ಕಡಲಿನ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಳಿವೆಯ ನೀರು ಬೇಸಿಗೆಯ ಕೊನೆಗೆ ಅದರ ಸಮೀಪಕ್ಕೆ ಏರಿ, ಮಳೆಗಾಲದಲ್ಲಿ ಬಹುಪಾಲು ಸಿಹಿಯಾಗಿಬಿಡುತ್ತದೆ. ಕಡಲಿಗೆ ಇಳಿಯಲಾಗದ ಜೂನ್, ಜುಲೈ ತಿಂಗಳುಗಳಲ್ಲಿ ಮಕ್ಕಳು ದೊಡ್ಡವರೊಡನೆ ದಂಡೆಗೆ ಹೋಗಿ ಬಕೆಟ್ಟಿನಲ್ಲಿ ಎತ್ತಿದ ನೀರನ್ನು ಅಳೆದು ನಕ್ಷೆಯಲ್ಲಿ ಚುಕ್ಕಿ ಇಡುತ್ತಾರೆ. ನದಿ ಹುಟ್ಟುವುದು ಶಿರಸಿಯ ಕಡೆಯಾದ್ದರಿಂದ, ಈಗ ಅಲ್ಲಿಯ ಶಾಲೆಯೊಂದರಿಂದ ಮಳೆಯ ಅಳತೆ ತರಿಸಿಕೊಂಡು ಎರಡೂ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆಸುತ್ತಿದ್ದೇನೆ.