ಐದು ಮನೆ, ಗೊತ್ತಿರುವುದು ಎರಡೇ ಅಕ್ಷರ: ಇಂಗ್ಲಿಷ್ ಪದ ಹುಡುಕುವುದು ಹೇಗೆ?

ಐದಕ್ಷರದ ಇಂಗ್ಲಿಷ್ ಪದ ಬೇಕು, ಅದರಲ್ಲಿ ಟಿ ಮತ್ತು ಎಚ್ ಇರಬೇಕು. ವರ್ಡಲ್ (ಗುಟ್ಟಾಗಿಟ್ಟ ಐದಕ್ಷರದ ಪದವನ್ನು ಆರು ಸಾಲಿನಲ್ಲಿ ಊಹಿಸುವ ಆಟ, ಪದದಲ್ಲಿರುವ ಅಕ್ಷರಕ್ಕೆ ಬಣ್ಣ ಬರುತ್ತದೆ), ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟ), ಪದಬಂಧ ಯಾವುದನ್ನೇ ಆಡಿದರೂ ಇಂಥ ಪ್ರಶ್ನೆ ಎದುರಾಗುತ್ತದೆ. ಪಟ್ಟಿ ಹುಡುಕಿ ತುಂಬಿಸಬಹುದು, ಆದರೆ ಆಮೇಲೆ ಆಡಿದ ಖುಷಿ ಎಲ್ಲಿ? ನಾನು ತಲೆಯಲ್ಲೇ ಹುಡುಕುತ್ತೇನೆ. ಅದಕ್ಕೆ ಭಾರಿ ಪದಸಂಪತ್ತೇನೂ ಬೇಡ.

ಮೊದಲು ಕಿವಿಯನ್ನು ಪಕ್ಕಕ್ಕಿಡಿ. ಕನ್ನಡ ಓದಿ ಬೆಳೆದ ನಾವು ಪದವನ್ನು ಸದ್ದಿನಿಂದ ಹುಡುಕುತ್ತೇವೆ. ಥ, ಶ, ಚ ನಮಗೆ ಒಂದೊಂದೇ ಅಕ್ಷರ. ಇಂಗ್ಲಿಷಿನಲ್ಲಿ ಇವು ಎರಡೆರಡು ಮನೆ ಹಿಡಿಯುತ್ತವೆ. ತೊಡೆ ಅನ್ನುವ ಅರ್ಥದ 'ಥೈ' ನೋಡಿ. ನಮ್ಮಲ್ಲಿ ಒಂದಕ್ಷರ, ಅಲ್ಲಿ ಟಿ, ಎಚ್, ಐ, ಜಿ, ಎಚ್. ಸಾಲು ಅನ್ನುವ 'ಕ್ಯೂ' ಕೂಡ ಹಾಗೇ: ಕ್ಯೂ, ಯು, ಇ, ಯು, ಇ. ಪೂರ್ತಿ ಐದು!

ಈಗ ಟಿ ಮತ್ತು ಎಚ್ ತೆಗೆದುಕೊಳ್ಳೋಣ. ಎಚ್‌ಗೆ ಒಂಟಿಯಾಗಿರುವುದು ಅಷ್ಟಾಗಿ ಹಿಡಿಸುವುದಿಲ್ಲ. ಅದರ ಎಡಕ್ಕೆ ಸಾಮಾನ್ಯವಾಗಿ ಟಿ, ಸಿ, ಎಸ್, ಡಬ್ಲ್ಯೂ, ಪಿ, ಜಿ ಇವುಗಳಲ್ಲೊಂದು ಇರುತ್ತದೆ. ಈ ಜೋಡಿಗಳನ್ನು ಒಂದೊಂದಾಗಿ ಮನೆಯಲ್ಲಿ ಕೂರಿಸಿ ನೋಡಿ. ಟಿ-ಎಚ್ ಕೊನೆಗೆ ಬಂದರೆ ಕ್ಲಾತ್, ಮಂತ್ ಸುಲಭವಾಗಿ ಹೊಳೆಯುತ್ತವೆ. ಸ್ವಲ್ಪ ತಡವಾಗಿ ಬರುವವು ಗರ್ತ್ (ಸುತ್ತಳತೆ), ಫಿಲ್ತ್ (ಹೊಲಸು), ಸ್ಲಾತ್ (ಸೋಮಾರಿತನ), ರಾತ್ (ಕಡುಕೋಪ). ಈ ರಾತ್‌ನ ಮೊದಲ ಮನೆಯಲ್ಲಿ ಡಬ್ಲ್ಯೂ ಇದೆ, ಮರೆಯಬೇಡಿ. ಜೋಡಿ ಮೊದಲಿಗೆ ಬಂದರೆ ಥಾರ್ನ್ (ಮುಳ್ಳು). ಎಸ್-ಎಚ್ ಮುಂದೆ, ಟಿ ಕೊನೆಗೆ ಇಟ್ಟರೆ ಶರ್ಟ್, ಶೌಟ್, ಶಿಫ್ಟ್. ಸಿ-ಎಚ್ ಇಟ್ಟರೆ ಚೀಟ್, ಚಾಂಟ್ (ಪಠಿಸು). ಜಿ-ಎಚ್ ಮುಂದೆ ಬಂದರೆ ಘೋಸ್ಟ್. ಎರಡೇ ಅಕ್ಷರದಿಂದ ಎಷ್ಟು ದೂರ ಬಂದೆವು ಅಲ್ವಾ?

ಹೀಗೆ ಪ್ರತಿ ಅಕ್ಷರಕ್ಕೂ ನೆರೆಹೊರೆ ಇದೆ. ವೈಗೆ ಕೊನೆಯ ಮನೆ ಇಷ್ಟ. ಕೆ ಮೊದಲಿಗೆ ಬಂದು ಯಾವ ಪದವೂ ಹೊಳೆಯದಿದ್ದರೆ ಪಕ್ಕದಲ್ಲಿ ಎನ್ ಇಡಿ: ನೀಲ್ (ಮಂಡಿಯೂರು), ನ್ಯಾಕ್ (ಕೈಚಳಕ). ಕೆ ಬಾಯಲ್ಲಿ ಬರುವುದೇ ಇಲ್ಲ, ಹಾಗಾಗಿ ನಮ್ಮ ಕಿವಿಗೆ ಸಿಗುವುದಿಲ್ಲ. ಡಬ್ಲ್ಯೂ-ಆರ್ ಹಾಕಿದರೆ ರಿಸ್ಟ್ (ಮಣಿಕಟ್ಟು). ಎಂ-ಬಿ ಕೊನೆಯಲ್ಲಿದ್ದರೆ ಥಂಬ್ (ಹೆಬ್ಬೆರಳು), ಅಲ್ಲಿ ಬಿ ಮೂಕ.

ಕ್ಯೂ ಬಂದರೆ ಜನ ಹೆದರುತ್ತಾರೆ. ನನ್ನ ಮಟ್ಟಿಗೆ ಅದೇ ಸುಲಭದ ಅಕ್ಷರ, ಯಾಕೆಂದರೆ ಪಕ್ಕದಲ್ಲಿ ಯು ಹೆಚ್ಚುಕಡಿಮೆ ಖಾತ್ರಿ. ಕ್ವಾಮ್ (ಮನಸ್ಸಿನ ಅಳುಕು, ಮಧ್ಯೆ ಎಲ್ ಇದೆ), ಕ್ವೆಲ್ (ಅಡಗಿಸು), ಕ್ವರ್ಕ್ (ವಿಚಿತ್ರ ಅಭ್ಯಾಸ), ಸ್ಕ್ವಾಟ್ (ಕುಕ್ಕರಗಾಲಲ್ಲಿ ಕೂರು), ಪೀಕ್ (ಅವಮಾನದಿಂದಾದ ಮುನಿಸು, ಪಿ-ಐ-ಕ್ಯೂ-ಯು-ಇ). ಸ್ಕ್ರ್ಯಾಬಲ್‌ನಲ್ಲಿ ಯು ಇಲ್ಲದ ಫಕೀರ್, ತಲಾಕ್ ಕೂಡ ಕ್ಯೂ ಹಾಕಿಯೇ ಒಪ್ಪಿತ. ಕ್ಯೂಗೆ ಅಲ್ಲಿ 10 ಅಂಕ, ಬಿಡಬೇಡಿ.

ಎ, ಇ, ಐ, ಓ, ಯು ಐದೂ ಇಲ್ಲ ಎಂದು ಗೊತ್ತಾದರೆ ಖುಷಿಪಡಿ. ಆಗ ವೈ ಇದ್ದೇ ಇರುತ್ತದೆ ಅಂದುಕೊಂಡು ಹೊರಡಿ, ಉಳಿಯುವ ಪದಗಳು ತುಂಬ ಕಡಿಮೆ. ನಿಂಫ್ (ಕಾಡು, ನೀರಿನ ದೇವತೆ), ಕ್ರಿಪ್ಟ್ (ಚರ್ಚಿನ ಅಡಿಯ ನೆಲಮಾಳಿಗೆ), ಟ್ರಿಸ್ಟ್ (ಪ್ರೇಮಿಗಳ ಗುಟ್ಟಿನ ಭೇಟಿ), ಗ್ಲಿಫ್ (ಕೆತ್ತಿದ ಚಿಹ್ನೆ). ಎಲ್ಲದರಲ್ಲೂ ವೈ ಮೂರನೇ ಮನೆಯಲ್ಲೋ ಎರಡನೆಯದರಲ್ಲೋ ಇದೆ, ನೋಡಿ.

ವರ್ಡಲ್‌ನ ಮೊದಲ ಪದದ ವಿಷಯದಲ್ಲಿ ನನಗೂ ಅಕ್ಕನ ಮಗಳಿಗೂ ದಿನಾ ಜಗಳ. ಅವಳದು ಯಾವಾಗಲೂ 'ಅಡ್ಯೂ' (ವಿದಾಯ, ಎ-ಡಿ-ಐ-ಇ-ಯು). ನಾಲ್ಕು ಸ್ವರ ಒಂದೇ ಏಟಿಗೆ ಗೊತ್ತಾಗುತ್ತದೆ ಅನ್ನುತ್ತಾಳೆ. ಆದರೆ ಪದದ ಗುರುತು ಸಿಗುವುದು ವ್ಯಂಜನದಿಂದ. ಆರ್, ಟಿ, ಎಲ್, ಎಸ್, ಎನ್ ಇರುವ ಸ್ಲೇಟ್ ಅಥವಾ ಕ್ರೇನ್ ನನ್ನ ಆಯ್ಕೆ. ಸ್ಕ್ರ್ಯಾಬಲ್ ಹುಟ್ಟುಹಾಕಿದ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಗಳಲ್ಲಿ ಅಕ್ಷರಗಳನ್ನು ಎಣಿಸಿ ಯಾವುದು ಎಷ್ಟು ಬಾರಿ ಬರುತ್ತದೆ ಎಂದು ಲೆಕ್ಕ ಹಾಕಿದ್ದರು. ಅವರ 100 ಬಿಲ್ಲೆಗಳಲ್ಲಿ ಇ 12, ಆರ್ ಮತ್ತು ಟಿ ಆರಾರು, ಯು ನಾಲ್ಕೇ. ಅವಳು ಇನ್ನೂ ಒಪ್ಪಿಲ್ಲ.

ಇನ್ನು ವರ್ಡಲ್‌ನ ನಿಜವಾದ ಬಲೆ. ಮೊದಲ ಮನೆ ಖಾಲಿ, ಮಿಕ್ಕಿದ್ದು ಎ-ಟಿ-ಸಿ-ಎಚ್. ಬ್ಯಾಚ್, ಕ್ಯಾಚ್, ಹ್ಯಾಚ್, ಲ್ಯಾಚ್ (ಚಿಲಕ), ಮ್ಯಾಚ್, ಪ್ಯಾಚ್, ವಾಚ್. ಒಂದೊಂದೇ ಹಾಕುತ್ತಾ ಹೋದರೆ ಆರು ಅವಕಾಶವೂ ಸಾಲದು. ಒಂದು ಸಾಲನ್ನು ಬೇಕೆಂದೇ ಕಳೆದುಕೊಂಡು 'ಬ್ಲಿಂಪ್' (ಪುಟ್ಟ ವಾಯುನೌಕೆ) ಹಾಕಿ. ಬಿ, ಎಲ್, ಎಂ, ಪಿ ನಾಲ್ಕೂ ಒಟ್ಟಿಗೆ ಪರೀಕ್ಷೆಯಾಗುತ್ತವೆ. ಯಾವುದಕ್ಕೆ ಬಣ್ಣ ಬಂತೋ ಅದೇ ಉತ್ತರದ ಮೊದಲ ಅಕ್ಷರ. ಯಾವುದಕ್ಕೂ ಬರದಿದ್ದರೆ ಉಳಿದದ್ದು ಮೂರೇ. ಐ-ಜಿ-ಎಚ್-ಟಿ ಬಲೆಗೆ ಇದೇ ಥರ 'ಫಿಲ್ಮ್ಸ್' ಹಾಕಿ, ಫೈಟ್, ಲೈಟ್, ಮೈಟ್, ಸೈಟ್ ನಾಲ್ಕೂ ಇತ್ಯರ್ಥವಾಗುತ್ತವೆ. ವರ್ಡಲ್‌ನ ಕಠಿಣ ಬಗೆಯಾದ ಹಾರ್ಡ್ ಮೋಡ್‌ನಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ, ಸಿಕ್ಕ ಅಕ್ಷರಗಳನ್ನು ಅಲ್ಲಿ ಪ್ರತಿ ಸಾಲಿನಲ್ಲೂ ಬಳಸಲೇಬೇಕು.