‘ಸ್ವಾತಂತ್ರ್ಯ’ ಪದದ ಮೂಲ ಹುಡುಕುವ ಬಗೆ

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಶಿವಮೊಗ್ಗದ ಶಾಲೆಗಳಲ್ಲಿ ಆ ಪಾಠ ಮಾಡುವಾಗಲೇ ಪದದ ಮೂಲವನ್ನೂ ಹುಡುಕಿಸಬಹುದು.

ಮೊದಲು ಪದ ಬಿಡಿಸಿ. ಸ್ವ + ತಂತ್ರ = ಸ್ವತಂತ್ರ, ಇದು ವಿಶೇಷಣ. ಅದರ ಭಾವನಾಮ ಸ್ವಾತಂತ್ರ್ಯ. ಆಗಸ್ಟ್ ಬಂತೆಂದರೆ ಬ್ಯಾನರುಗಳಲ್ಲಿ ಕೊನೆಯ ಯ-ಒತ್ತು ಕಳಚಿ ‘ಸ್ವಾತಂತ್ರ’ ಆಗುತ್ತದೆ, ಇಲ್ಲವೇ ಭಾವನಾಮಕ್ಕೆ ಮತ್ತೆ ‘ತೆ’ ಅಂಟಿ ‘ಸ್ವಾತಂತ್ರ್ಯತೆ’ ಆಗುತ್ತದೆ. ಎರಡೂ ತಪ್ಪು, ‘ಸ್ವತಂತ್ರತೆ’ ಸರಿ. ಇಲ್ಲಿನ ತಂತ್ರವನ್ನು ಉಪಾಯವೆಂದು ಓದಬೇಡಿ. ಸಂಸ್ಕೃತದ ‘ತನ್’ ಧಾತು ಅಂದರೆ ಚಾಚು, ಹರಡು. ಅದರಿಂದ ತಂತ್ರಕ್ಕೆ ಮಗ್ಗ, ಹಾಸುನೂಲು, ಮುಂದೆ ವ್ಯವಸ್ಥೆ ಎಂಬ ಅರ್ಥಗಳು ಬಂದವು.

ಬಳಿಕ ದೇಸಿ ಪದ ‘ಬಿಡುಗಡೆ’. ಕಿಟ್ಟೆಲ್ ನಿಘಂಟಿನಲ್ಲಿ (1894) ‘ಬಿಡು’ವಿನ ಎಲ್ಲ ಅರ್ಥಗಳನ್ನೂ ಬರೆದುಕೊಳ್ಳಿ. ತಮಿಳಿನಲ್ಲಿ ವಿಡುದಲೈ, ತೆಲುಗಿನಲ್ಲಿ ವಿಡುದಲ. ಒಂದೇ ಜೋಡಿ ನಂಬಬೇಡಿ; ವೇರ್–ಬೇರು, ವಾಯ್–ಬಾಯಿ ಹೀಗೆ ತಮಿಳಿನ ವಕಾರ ಕನ್ನಡದಲ್ಲಿ ಬಕಾರವಾಗುವುದು ಮತ್ತೆ ಮತ್ತೆ ಕಂಡರೆ ಮಾತ್ರ ನಂಟು ಗಟ್ಟಿ. ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟಗಳಲ್ಲಿವೆ. ಶಾಸನಗಳ ‘ಬಿಟ್ಟ ದತ್ತಿ’ಯಲ್ಲಿ ಬಿಡು ಎಂದರೆ ದಾನ ಕೊಡು. ಇಂದಿನ ಅರ್ಥವನ್ನು ಅಲ್ಲಿ ಹೇರಿದರೆ ಇಡೀ ಸಾಲು ಕೆಡುತ್ತದೆ.

ಹೊರಗಿನವು: ಆಜಾದಿ ಪರ್ಷಿಯನ್ನಿನದು. ಲಿಬರ್ಟಿ ಲ್ಯಾಟಿನ್ನಿನದು, ಗುಲಾಮನಲ್ಲದ ಸ್ಥಿತಿ. ಫ್ರೀ ಜರ್ಮಾನಿಕ್, ಫ್ರೆಂಡ್ ಮತ್ತು ಸಂಸ್ಕೃತದ ‘ಪ್ರಿಯ’ ಅದರ ಬಳಗ. ಇವಕ್ಕೂ ‘ಬಿಡು’ಗೂ ನಂಟು ಕಟ್ಟಬೇಡಿ, ಭಾಷಾಕುಟುಂಬವೇ ಬೇರೆ.